ಗೊರಸಿನಡಿಯ ಚರಿಗೆ

ನಮ್ಮ ಎಮ್ಮೆ ಕಸ್ತೂರಿ ನೆಲ ಬಿಟ್ಟ ದಿನ ನಾನು ಮೂವರ ಜೊತೆ ಜಗಳ ಆಡಿದೆ. ಮೊದಲನೆಯವಳು ಅವ್ವ. ಬೆಳಿಗ್ಗೆ ಕೊಟ್ಟಿಗೆ ಗುಡಿಸಲು ಹೋದವಳು ಅಲ್ಲಿಂದಲೇ ಕೂಗಿದಳು: "ಯಮನೂರಿ, ಲಗೂನ ಬಾರಲೇ! ಕಸ್ತೂರಿ ಕಾಲ ಕೆಳಗ ಕಸಬರಗಿ ಹಾಯಾಕ್ಹತ್ತೈತಿ!" ಹೋಗಿ ನೋಡಿದರೆ ನಾಲ್ಕೂ ಗೊರಸು ಗಾಳಿಯಲ್ಲಿ. ಎಮ್ಮೆ ತನಗೇನೂ ಸಂಬಂಧವಿಲ್ಲ ಎಂಬಂತೆ ಮೆಲುಕು ಹಾಕುತ್ತಿತ್ತು. ಕಣ್ಣಿ ಬಿಗಿಯಾಗಿ ಕಟ್ಟು ಎಂದು ಎಷ್ಟು ಸಲ ಹೇಳಬೇಕು ನಿನಗೆ ಎಂದು ಅವ್ವನ ಮೇಲೆ ಹರಿಹಾಯ್ದೆ. "ಕಣ್ಣಿ ಬಿಗಿದ್ರ ಹೊಟ್ಟ್ಯಾಗಿನ ವಿಷ ಇಳೀತೈತೇನು, ಶಾಣ್ಯಾ?" ಎಂದಳು. ಸೀದಾ ಅಂದಾನಪ್ಪನ ಹಿಂಡಿ ಗಿರಣಿಗೆ ಹೋಗಿ, ನಾನು ದುಡಿಯುವ ಜಾಗವೆಂಬುದನ್ನೂ ಮರೆತು, ನಿನ್ನ ಹಿಂಡಿ ತಿಂದೇ ನಮ್ಮ ಎಮ್ಮೆ ಹೀಗಾಯಿತು ಎಂದು ಬಾಯಿಗೆ ಬಂದದ್ದು ಬೈದೆ. ವಾಪಸು ಬರುವಾಗ ದಾರಿಯಲ್ಲಿ ಹೆಡ್ ಮಾಸ್ತರರು ಸಿಕ್ಕು, "ಸಮಾಧಾನ, ಯಮನೂರಪ್ಪ" ಎಂದರು. ಅವರನ್ನೂ ಬಿಡಲಿಲ್ಲ.

ನಮ್ಮ ಊರಿನಲ್ಲಿ ಕಾಳಿನ ಮೇಲೆ ಬೆಳೆಯುವ ಬೂಸ್ಟಿನ ವಿಷ ಸೇರಿದ ಯಾವುದೂ ನೆಲದ ಮೇಲೆ ನಿಲ್ಲುವುದಿಲ್ಲ, ಏಳುತ್ತದೆ. ಒಂದು ವಾರ ಮೋಡ ಕವಿದು ತೇವ ಹಿಡಿಯಿತೆಂದರೆ ಅಂಗಳದಲ್ಲಿ ಹರವಿದ ಶೇಂಗಾ ಒಂದೊಂದಾಗಿ ಮೇಲೇಳುತ್ತದೆ. ಪ್ರತಿ ಮನೆಯ ಬೆಳಕಿಂಡಿಗೂ ಒಂದು ಮುಚ್ಚಳ, ಮುಚ್ಚಳಕ್ಕೊಂದು ಹಗ್ಗ. ಮಂಗಳವಾರ ಹಗ್ಗ ಎಳೆದರೆ ಆ ವಾರ ಛಾವಣಿಗೆ ಅಂಟಿಕೊಂಡದ್ದೆಲ್ಲ ಆಕಾಶಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಊರಲ್ಲಿ ಬಟ್ಟೆ ಅಂಗಡಿ ಒಂದು, ಹಗ್ಗದ ಅಂಗಡಿ ನಾಲ್ಕು. ವಯಸ್ಸಾದವರು ಸೊಂಟಕ್ಕೆ ಗುಂಡುಕಲ್ಲು ಕಟ್ಟಿಕೊಂಡು ಕಟ್ಟೆಗೆ ಬಂದು ಕೂರುತ್ತಾರೆ. ಯಾರ ಕಲ್ಲು ದೊಡ್ಡದು ಎಂದು ಅವರೊಳಗೆ ಮೇಲಾಟವೂ ಉಂಟು. ಮದುವೆಯಲ್ಲಿ ಅಕ್ಷತೆಗೆ ಮೊದಲು ಪುರೋಹಿತರು ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿಟ್ಟು ಮಂದಿಗೆ ತೋರಿಸುತ್ತಾರೆ: ನಿಂತಿದೆ, ಹಾಕಬಹುದು.

ದನಗಳ ವಿಷಯಕ್ಕೆ ಒಂದು ಚರಿಗೆ ಇದೆ. ಹಿತ್ತಾಳೆಯದು, ಒಂದು ಗೇಣು ಎತ್ತರ, ಊರಿಗೆಲ್ಲ ಅದೊಂದೇ. ಅದನ್ನು ಇಟ್ಟುಕೊಂಡಿರುವವನು ಫಕೀರಜ್ಜ. ದನ ನೆಲ ಬಿಟ್ಟ ಸುದ್ದಿ ಬಂದರೆ ಮಂಗಳವಾರ ಬಂದು ನಾಲ್ಕೂ ಗೊರಸಿನ ಕೆಳಗೆ ಚರಿಗೆ ಹಾಯಿಸಿ ನೋಡುತ್ತಾನೆ. ಎಲ್ಲಿಯಾದರೂ ತಗುಲಿತೋ, ದನ ಉಳಿಯಿತು. ನಾಲ್ಕರಲ್ಲೂ ಹಾದರೆ ಕಣ್ಣಿ ಬಿಚ್ಚಬೇಕು. ಹಿಂದೆ ಯಾರದೋ ಎತ್ತು ಗೂಟ, ಗೋದಲಿ, ಅರ್ಧ ತಗಡಿನ ಛಾವಣಿ ಸಮೇತ ಹೋಗಿತ್ತಂತೆ. ಅಂದಿನಿಂದ ಈ ನಿಯಮ.

ಕಸ್ತೂರಿಯ ಕೆಳಗೆ ಚರಿಗೆ ಹಾದು ಮೇಲೆ ಇನ್ನೂ ಅರ್ಧ ಗೇಣು ಉಳಿಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಫಕೀರಜ್ಜ ಎಮ್ಮೆಯ ಹೊಟ್ಟೆ ಸವರಿ, "ದುರಗವ್ವಾ, ಗಬ್ಬ ಐತೇನು?" ಎಂದ.

"ಒಂಬತ್ತು ತುಂಬೈತಿ, ಯಜ್ಜಾ" ಎಂದಳು ಅವ್ವ.

"ಹಂಗಾರ ಐದು ಮಂಗಳವಾರದ ರಿಯಾಯಿತಿ. ಐದನೇದಕ್ಕ ಮತ್ತ ಬರ್ತೀನಿ. ಅವತ್ತೂ ಹಾದ್ರ..." ಎಂದು ಮೇಲೆ ನೋಡಿದ.

"ನಿನ್ನ ಚರಿಗೀನ ಸಣ್ಣದೈತಿ ಅಜ್ಜಾ!" ಎಂದು ನಾನು ಕೂಗಿದೆ.

"ಚರಿಗಿ ಎಲ್ಲಾರಿಗೂ ಅಷ್ಟ ಐತಿ. ನಿನ್ನ ಬಾಯಿ ಅಷ್ಟ ದೊಡ್ಡದು" ಎಂದು ಚರಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ನನ್ನ ಸಿಟ್ಟಿಗೆ ಒಂದು ಕಾರಣವಿದೆ, ಹೇಳಿಬಿಡುತ್ತೇನೆ. ಏಳನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಶಾಲೆಯ ಊಟದಲ್ಲಿ ನನ್ನ ತಾಟಿನ ನುಚ್ಚು ತಾಟು ಬಿಟ್ಟು ಮೆಲ್ಲಗೆ ಏಳತೊಡಗಿತು. "ಸರ್, ಇದು ಏಳಾಕ್ಹತ್ತೈತಿ" ಎಂದೆ. ಹೆಡ್ ಮಾಸ್ತರರು ಬಂದು ಚಮಚದಿಂದ ಅದನ್ನು ಒತ್ತಿ ಹಿಡಿದು, "ಈಗ ಕುಂತೈತಿ ನೋಡು, ಉಣ್ಣು" ಎಂದರು. ತಾಟು ಮಗುಚಿ ಹೊರಗೆ ಬಂದವನು ಮತ್ತೆ ಆ ಬಾಗಿಲು ತುಳಿಯಲಿಲ್ಲ. ಅಂದಿನಿಂದ ಕಲಿತವರನ್ನು ಕಂಡರೆ ಮೈ ಉರಿಯುತ್ತದೆ. ಕಲಿಯದವರನ್ನು ಕಂಡರೂ ಉರಿಯುತ್ತದೆ, ಆ ಮಾತು ಬೇರೆ.

ಅಂದಾನಪ್ಪನ ಗಿರಣಿಯಲ್ಲಿ ನನ್ನದು ಕೂಡಿಸುವ ಕೆಲಸ. ಶೇಂಗಾದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಅರ್ಧಕ್ಕರ್ಧ ಗೋದಾಮಿನ ಛಾವಣಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದನ್ನೆಲ್ಲ ಮಂಗಳವಾರ ಬಿಟ್ಟುಕೊಟ್ಟರೆ ಗಿರಣಿಯೇ ಮುಚ್ಚಬೇಕು ಎಂಬುದು ಅಂದಾನಪ್ಪನ ಅಳಲು. ಅದಕ್ಕೇ ನಾನು ಏಣಿ ಹತ್ತಿ ತೇಲಿದ್ದನ್ನು ಕೊಕ್ಕೆಯಿಂದ ಕಿತ್ತು, ನಿಂತ ಹಿಂಡಿಯ ಜೊತೆ ಕೂಡಿಸಿ ಚೀಲ ತುಂಬುತ್ತಿದ್ದೆ. ಚೀಲ ನೆಲದ ಮೇಲೆ ಕೂತಿದ್ದರೆ ಕೊಳ್ಳುವವರು ಬೇರೇನೂ ಕೇಳುವುದಿಲ್ಲ. ಹದ ತಪ್ಪಿದರೆ ಚೀಲ ಗಾಡಿಯಲ್ಲೇ ಅಲುಗಾಡುತ್ತದೆ. ನನ್ನದು ಎಂದೂ ಅಲುಗಾಡಿರಲಿಲ್ಲ.

ಎರಡನೇ ಮಂಗಳವಾರದ ಮರುದಿನ ಒಂದು ಜೀಪು ಬಂತು. ಇಳಿದವಳು ಶಮೀಮಬಾನು ಎಂಬ ಮೇಡಂ. ನಲವತ್ತರ ಆಸುಪಾಸು, ಕೈಯಲ್ಲಿ ನೀಲಿ ಡಬ್ಬ. ನದಿಯಾಚೆಯ ದೊಡ್ಡ ಪ್ರಯೋಗಶಾಲೆಯಿಂದ ಬಂದಿದ್ದಳು. ಬೂಸ್ಟಿನ ವಿಷ ಕಳೆಯುವ ಪುಡಿ ತಂದಿದ್ದೇನೆ, ನಿಮ್ಮ ಹಿಂಡಿಯ ಮೇಲೆ ಪರೀಕ್ಷಿಸಿ ನೋಡಬಹುದೇ ಎಂದು ಅಂದಾನಪ್ಪನನ್ನು ಕೇಳಿದಳು. ಅಂದಾನಪ್ಪ ಕುರ್ಚಿ ಹಾಕಿ, ಚಹಾ ತರಿಸಿ, ಹೌದು ಎನ್ನದೆ ಇಲ್ಲ ಎನ್ನದೆ ಕುಳಿತ. ಅವಳು ಎದ್ದು ನಾನು ಕೂಡಿಸಿಟ್ಟ ಚೀಲದ ಬಾಯಿ ಬಿಚ್ಚಿದಳು.

"ಇದರಾಗ ತೇಲೋ ಹಿಂಡಿ ಕಾಣಸ್ತದಲ್ಲ ತಮ್ಮಾ. ಚೀಲ ಹೆಂಗ ನಿಂತದ?"

"ಅದು ಕೈಯಾಗಿನ ಕೆಲಸ, ಮೇಡಂ" ಎಂದು ಎದೆ ಉಬ್ಬಿಸಿದೆ. "ಒಂದು ಬುಟ್ಟಿ ತೇಲಿದ್ದಕ್ಕ ಆರು ಬುಟ್ಟಿ ನಿಂತದ್ದು. ಐದು ಹಾಕಿದ್ರ ಅಳ್ಳಾಡತೈತಿ. ಆರಕ್ಕ ಮದುಮಗ ಕುಂತಂಗ ಕುಂತುಬಿಡತೈತಿ."

"ಹಂಗಾದ್ರ ವಿಷ ಎಲ್ಲಿ ಹೋತು?"

"ಎಲ್ಲಿ ಹೋಗತೈತಿ? ಚೀಲದಾಗ ಐತಿ."

"ಚೀಲದಿಂದ?"

ಚೀಲದಿಂದ ಗೋದಲಿಗೆ, ಗೋದಲಿಯಿಂದ ಹೊಟ್ಟೆಗೆ. ನಮ್ಮ ಮನೆಗೆ ಹೋದ ಚೀಲವನ್ನೂ ನಾನೇ ತುಂಬಿದ್ದೆ; ಅವ್ವ ಒಯ್ಯುವ ಚೀಲ ಎಂದು ಅದಕ್ಕೆ ಇನ್ನಷ್ಟು ಹದ ನೋಡಿ ಕೂಡಿಸಿದ್ದೆ, ಒಂಚೂರೂ ಅಲುಗಾಡದ ಹಾಗೆ. ಮಾಸ್ತರರ ಚಮಚ ಯಾವಾಗ ನನ್ನ ಕೈಗೆ ಬಂದಿತ್ತೋ ನನಗೇ ತಿಳಿದಿರಲಿಲ್ಲ. ಪಿತ್ತ ನೆತ್ತಿಗೇರಿತು. "ನೀವು ಕಲಿತವರು ಬರೇ ಪ್ರಶ್ನೆ ಕೇಳಾಕ ಬರ್ತೀರಿ!" ಎಂದು ಕೂಗಿ ಅವಳ ಡಬ್ಬದಿಂದ ಒಂದು ಪೊಟ್ಟಣ ಎತ್ತಿಕೊಂಡು ನಡೆದೆ. ಅವಳು ಹಿಂದಿನಿಂದ ಹೇಗೆ ಕಲಸಬೇಕೆಂದು ಹೇಳುತ್ತಿದ್ದಳು. ಕೇಳಲು ನಾನು ಅಲ್ಲಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ, "ಆ ಚೀಲ ಕೂಡಿಸಿದಾಂವ ನಾನ." ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈಯಲ್ಲಿದ್ದ ರೊಟ್ಟಿ ಪೂರ್ತಿ ಬಡಿದು ಹಂಚಿಗೆ ಹಾಕಿದಳು. ಆಮೇಲೆ, "ಊರಾಗ ಬೈಯಾಕ ಯಾರೂ ಉಳೀಲಿಲ್ಲ ಅಂತ ನಿನ್ನ ನೀನ ಬೈಯಾಕ ಬಂದಿ. ಮೊದಲ ಉಣ್ಣು. ಉಂಡು ಎಮ್ಮಿಗೆ ಏನು ಮಾಡ್ತೀ ಮಾಡು" ಎಂದಳು.

ಉಂಡೆ. ಮಾಡಿದೆ. ಆದರೆ ನಮ್ಮೂರವನು ಹೇಗೆ ಮಾಡುತ್ತಾನೋ ಹಾಗೆಯೇ ಮಾಡಿದೆ. ನಮ್ಮಲ್ಲಿ ಹೊರಗಿನಿಂದ ಬಂದದ್ದೆಲ್ಲ ಮೂರು ಕುದಿ ಕುದಿಯಬೇಕು. ಹೊಸ ಪಾತ್ರೆ, ಹೊಸ ಬಳೆ, ಔಷಧಿ ಅಂಗಡಿಯ ಗುಳಿಗೆ, ಎಲ್ಲ. ಅಳಿಯನೊಬ್ಬ ತಂದ ರೇಡಿಯೋ ಕೂಡ ಒಮ್ಮೆ ಕುದಿದಿತ್ತು. ಬೂಸ್ಟಿನ ವಿಷ ಕುದಿಗೆ ಜಗ್ಗುವುದಿಲ್ಲ ಎಂದು ಎಳೆ ಮಗುವಿಗೂ ಗೊತ್ತು. ಆದರೂ ಕುದಿಸುತ್ತೇವೆ, ಕೈ ಕಟ್ಟಿ ಕೂಡುವುದಕ್ಕಿಂತ ವಾಸಿ ಎಂದು. ಪುಡಿಯನ್ನು ನೀರಿಗೆ ಹಾಕಿ ಒಂದು ಕುದಿ, ಎರಡು ಕುದಿ, ಮೂರು ಕುದಿ ಬರಿಸಿದೆ. ಆ ನೀರಿನಲ್ಲಿ ಒಂದು ಹಿಡಿ ತೇಲುವ ಹಿಂಡಿ ನೆನೆಸಿ ಮೇಲೆ ಮುಚ್ಚಳವಿಟ್ಟೆ. ಮಧ್ಯಾಹ್ನದ ತನಕ ಕಾದು ಮುಚ್ಚಳ ತೆಗೆದರೆ ಹಿಂಡಿ ನನ್ನ ಮೂಗಿಗೆ ತಾಗಿಕೊಂಡು ಮೇಲೆ ಹೋಯಿತು.

ಮತ್ತೆ ಗಿರಣಿಗೆ ಓಡಿದೆ. ಹಮಾಲರು, ಗಾಡಿಯವರು, ಹಿಂಡಿ ಕೊಳ್ಳಲು ಬಂದ ಹೆಂಗಸರು ಎಲ್ಲರ ಎದುರು ಖಾಲಿ ಪೊಟ್ಟಣ ಎತ್ತಿ ಹಿಡಿದು, "ಮೋಸ! ಬರೇ ಮೋಸ! ಹಿಟ್ಟು ಕಟ್ಟಿ ತಂದಾಳ ಈಕಿ!" ಎಂದು ಕಿರುಚಿದೆ. ಶಮೀಮಬಾನು ಚಹಾದ ಲೋಟ ಕೆಳಗಿಟ್ಟಳು.

"ನೀರು ಎಷ್ಟು ಬಿಸಿ ಇತ್ತು ತಮ್ಮಾ?"

"ಮೂರು ಕುದಿ!" ಎಂದೆ ಹೆಮ್ಮೆಯಿಂದ. ಸುತ್ತ ನಿಂತವರೂ ತಲೆದೂಗಿದರು. ಹುಡುಗ ಸರಿಯಾಗಿಯೇ ಮಾಡಿದ್ದಾನೆ.

ಅವಳು ಹಣೆಗೆ ಕೈ ಹಚ್ಚಿ ನಗತೊಡಗಿದಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ನೀ ಅದನ್ನ ಅಡಗಿ ಮಾಡಿಬಿಟ್ಟಿ! ತತ್ತಿ ಕುದಿಸಿ ಮರಿ ಬರಲಿಲ್ಲ ಅಂದಂಗ ಆತು ನಿನ್ನ ಕಥಿ." ಮಂದಿಯೂ ನಕ್ಕರು. ನಗುವಿಗೆ ನಾನು ಸಿಡಿಯಬೇಕಿತ್ತು. ಯಾಕೋ ಆ ತತ್ತಿಯ ಮಾತು ತಲೆಯೊಳಗೆ ಕೂತುಬಿಟ್ಟಿತು. ಕೆಳಗೆ ಕುಳಿತು, "ಹಂಗಾರ ಹೇಳ್ರಿ. ಈ ಸಲ ಕೇಳ್ತೀನಿ" ಎಂದೆ.

ಅವಳು ಹೇಳಿದ್ದು ಇಷ್ಟು. ಬೂಸ್ಟಿನ ವಿಷದೊಳಗೆ ಕಣ್ಣಿಗೆ ಕಾಣದ ಒಂದು ಉಂಗುರವಿದೆ. ಅದು ಮುಚ್ಚಿಕೊಂಡಿರುವ ತನಕ ವಿಷ. ಬಿಚ್ಚಿದರೆ ಅದರ ಜೋರು ಮುಗಿಯಿತು. ಮಣ್ಣಿನಲ್ಲಿರುವ ಒಂದು ಸಣ್ಣ ಜೀವಕ್ಕೆ ಆ ಉಂಗುರ ಬಿಚ್ಚುವ ವಿದ್ಯೆ ಗೊತ್ತಿತ್ತು, ಅದರೊಳಗಿನ ಕಿಣ್ವದ ಕೆಲಸ ಅದು. ಆದರೆ ಆಮೆಯಷ್ಟು ನಿಧಾನ. ಇವರು ಆ ಕಿಣ್ವವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಚುರುಕು ಮಾಡಿದ್ದರು.

"ಎಷ್ಟು ಸಲ ತಿದ್ದಿದ್ರಿ?"

"ನಾನೂರ ಹನ್ನೆರಡು ಸಲ. ನಾನೂರ ಹನ್ನೊಂದು ಕೆಲಸಕ್ಕ ಬರಲಿಲ್ಲ."

"ಸಿಟ್ಟು ಬರಲಿಲ್ಲೇನು ನಿಮಗ?"

"ಬಂತು. ಎರಡು ಸಲ ಗಾಜಿನ ನಳಿಗಿ ಒಡದೀನಿ." ಅಲ್ಲಿಂದ ಮುಂದೆ ನಾನು ಅವಳನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕಾ ಎಂದೆ.

ಮರುದಿನ ಬೆಳಿಗ್ಗೆ ಗಿರಣಿಯ ಅಂಗಳದ ತೊಟ್ಟಿಯ ಸುತ್ತ ಅರ್ಧ ಊರು ಸೇರಿತ್ತು. ತೇಲುವ ಹಿಂಡಿಯನ್ನು ಛಾವಣಿಯಿಂದ ನಾನೇ ಕಿತ್ತು ತಂದೆ. ಒಂದು ಹಿಡಿಯೂ ನಿಂತದ್ದು ಸೇರದ ಹಾಗೆ ಕಾದೆ, ಯಾಕೆಂದರೆ ಕೂಡಿಸುವವರ ಕೈಚಳಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀರು ಆಗಷ್ಟೇ ಕರೆದ ಹಾಲಿನಷ್ಟು ಬೆಚ್ಚಗಿರಬೇಕು ಎಂದಳು ಅಕ್ಕ. ಬೆರಳು ಅದ್ದಿ ನೋಡಲು ಹಾಲು ಕರೆದು ಗೊತ್ತಿರುವ ಅವ್ವನನ್ನೇ ಕರೆಸಿದೆವು. "ಈಗ ಹಾಕ್ರಿ" ಎಂದಳು ಅವ್ವ, ತಾನೇ ನಾನೂರ ಹನ್ನೆರಡು ಸಲ ತಿದ್ದಿದವಳ ಗತ್ತಿನಲ್ಲಿ. ಪುಡಿ ಬಿತ್ತು, ಹಿಂಡಿ ಬಿತ್ತು, ಮೇಲೆ ಬಲೆ ಕಟ್ಟಿದೆವು. ಹಿಂಡಿ ಎದ್ದು ಬಲೆಗೆ ಒತ್ತಿ, ಬಲೆ ಗುಮ್ಮಟದ ಹಾಗೆ ಉಬ್ಬಿ ನಿಂತಿತು.

ಕಾದೆವು. ಅಂದಾನಪ್ಪ ಎರಡು ಸಲ ಬಂದು "ಆತೇನು?" ಎಂದು ಹೋದ. ಹೊತ್ತು ನೆತ್ತಿಯ ಹತ್ತಿರ ಬರುವಾಗ ಬಲೆ ಒಂದಿಷ್ಟು ಸಡಿಲಾದಂತೆ ಕಂಡಿತು. ಯಾರೋ ಗಾಳಿ ಎಂದರು. ಗಾಳಿ ಇರಲಿಲ್ಲ. ಉಂಡು ಮಲಗಿದವನ ಹೊಟ್ಟೆ ಇಳಿದಂತೆ ಬಲೆ ಇಳಿಯುತ್ತ ಇಳಿಯುತ್ತ ನೀರಿಗೆ ಮುಟ್ಟಿತು, ಹಿಂಡಿ ತಳಕ್ಕೆ ಹೋಗಿ ಕುಳಿತಿತು. ನಾನು ತೋಳಿನ ತನಕ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈ ಬಿಚ್ಚಿದೆ, ಪುರೋಹಿತರು ಅಕ್ಕಿ ತೋರಿಸುವ ಹಾಗೆ. ನಿಂತಿತ್ತು. ಹೆಂಗಸರು ಹೋ ಎಂದರು. "ಇವತ್ತ ಬಿಸಲಿಗೆ ಒಣಗಸ್ರಿ, ಇಲ್ಲಂದ್ರ ಮತ್ತ ಬೂಸ್ಟು ಬರ್ತದ" ಎಂದು ಅಕ್ಕ ಕೂಗುತ್ತಿದ್ದಳು, ಯಾರಿಗೂ ಕೇಳುತ್ತಿರಲಿಲ್ಲ.

ಅಂದಾನಪ್ಪನಿಗೆ ಆಸೆ ಹತ್ತಿತು. ಮರುದಿನವೇ ಬೆನ್ನಿಗೆ ಕಟ್ಟುವ ಪಂಪು ತರಿಸಿ, ಛಾವಣಿಯ ಹಿಂಡಿಗೆಲ್ಲ ಅಲ್ಲೇ ಪುಡಿನೀರು ಹೊಡೆಸಿದ. ಅಕ್ಕ ಬೇಡವೆಂದರೂ ಕೇಳದೆ ಕೆಳಗೆ ನಿಂತು ಬಾಯಿ ತೆರೆದು ಮೇಲೆ ನೋಡುತ್ತಿದ್ದ. ಮೂರು ವರ್ಷದ ಹಿಂಡಿ ಅದು. ಮೊದಲ ತುಂಡು ಅವನ ನೆತ್ತಿಗೇ ಬಿತ್ತು. ಎರಡನೆಯದಕ್ಕೆ ಅವನು ಅಂಗಳದಲ್ಲಿದ್ದ. ಬುಗುಟೆ ಸವರಿಕೊಳ್ಳುತ್ತ, "ಇನ್ನ ಮ್ಯಾಲೆ ಕೂಡಸೋದು ಬ್ಯಾಡಲೇ ಯಮನೂರಿ" ಎಂದ. "ನೀ ಬ್ಯಾಡ ಅನ್ನೋದೇನು, ನಾನ ಕೂಡಸೂದಿಲ್ಲ" ಎಂದೆ. ಒಪ್ಪಿಕೊಂಡವನ ಜೊತೆಯೂ ಜಗಳವಾಯಿತು.

ಆದರೆ ಕಸ್ತೂರಿ ಇಳಿಯಲಿಲ್ಲ. ಅಂದಿನಿಂದ ಅದಕ್ಕೆ ಪುಡಿ ಹಾಕಿ ಒಣಗಿಸಿದ ಹಿಂಡಿಯನ್ನೇ ಹಾಕಿದೆವು. ಮೂರನೇ ಮಂಗಳವಾರಕ್ಕೂ ಕಸಬರಗಿ ಸರಾಗವಾಗಿ ಹಾಯುತ್ತಿತ್ತು. ನಾನು ಅಕ್ಕನ ಬಳಿ ಹೋಗಿ ಗುಡುಗಿದೆ: ಹಿಂಡಿ ಮಧ್ಯಾಹ್ನಕ್ಕೆ ಇಳಿಯುತ್ತದೆ, ಎಮ್ಮೆಗೇನು ದಾಡಿ?

"ಪುಡಿ ಹಿಂಡ್ಯಾಗಿನ ವಿಷ ಬಿಚ್ಚತದ ತಮ್ಮಾ. ಎಮ್ಮಿ ಮೈಯಾಗ ಮೊದಲ ಸೇರಿದ್ದನ್ನ ಅದರ ಯಕೃತ್ತ ಕಳೀಬೇಕು. ಅದಕ್ಕ ಕೆಲಸ ಮಾಡಾಕ ಪುರುಸೊತ್ತು ಕೊಡು. ಹೊಸ ವಿಷ ಹೋಗದಂಗ ನೋಡ್ಕೋ, ಅಷ್ಟ."

"ಐದು ಮಂಗಳವಾರದಾಗ ಆಗತೈತೇನು?"

"ಗೊತ್ತಿಲ್ಲ" ಎಂದಳು. ಕಲಿತವರ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಬೈಯಲು ಮನಸ್ಸಾಗಲಿಲ್ಲ.

ನಾಲ್ಕನೇ ಮಂಗಳವಾರಕ್ಕೆ ಕಸಬರಗಿ ಗೊರಸಿಗೆ ಸವರಿಕೊಂಡು ಹಾಯಿತು. ಅವ್ವ ದಿನಕ್ಕೆ ಹತ್ತು ಸಲ ಗುಡಿಸತೊಡಗಿದಳು. ನಾನು ಹುಟ್ಟಲಿರುವ ಕರುವಿಗಾಗಿ ಒಂದು ಮೆತ್ತನೆಯ ಕಣ್ಣಿ ಹೊಸೆದೆ, ಹೊಟ್ಟೆಪಟ್ಟಿ ಸಮೇತ. ಎಷ್ಟೆಂದರೂ ನಮ್ಮೂರಲ್ಲಿ ಇಂಥ ಎಮ್ಮೆಯ ಕರು ಹುಟ್ಟುತ್ತಲೇ ಏಳುತ್ತದೆ. ಹೆರಿಗೆಯ ಹೊತ್ತಿಗೆ ನಾಲ್ವರು ಬಾಲದ ಮೇಲೆ ಬಲೆ ಹಿಡಿದು ನಿಲ್ಲಬೇಕು. ಕರು ಬಲೆಗೆ ಬಡಿದಾಗ ಒಬ್ಬ ಕಾಲು ಹಿಡಿಯಬೇಕು. ಹಾಗೆಯೇ ನಡೆದು ಬಂದಿದೆ.

ಐದನೇ ಮಂಗಳವಾರ ಫಕೀರಜ್ಜ ಚರಿಗೆ ಬೆಳಗಿಸಿಕೊಂಡು ಬಂದ. ಅಂದಾನಪ್ಪ ಬಂದ, ಅಕ್ಕ ಬಂದಳು, ಹೆಡ್ ಮಾಸ್ತರರೂ ಬಂದು ಗೋಡೆಗೆ ಒರಗಿ ನಿಂತರು. ಕಸ್ತೂರಿ ಬೆಳಗಿನಿಂದ ಮೇವು ಮುಟ್ಟದೆ ಬಾಲ ಎತ್ತಿ ಎತ್ತಿ ಇಡುತ್ತಿತ್ತು. ಅಜ್ಜ ಮುಂದಿನ ಬಲಗಾಲಿನ ಕೆಳಗೆ ಚರಿಗೆ ಇಟ್ಟ. ಗೊರಸಿಗೂ ಚರಿಗೆಯ ಬಾಯಿಗೂ ನಡುವೆ ಒಂದು ಬಳೆ ಹಾಯುವಷ್ಟು ಸಂದು. ಇನ್ನೆರಡು ದಿನ ಸಿಕ್ಕಿದ್ದರೆ! ಚರಿಗೆ ಹಾಯಿತು. ಮುಂದಿನ ಎಡಗಾಲು, ಹಾಯಿತು. ಹಿಂದಿನ ಬಲಗಾಲಿಗೆ ಬಂದಾಗ ಟಿಂಗ್ ಎಂದಂತಾಯಿತು. "ತಾಗಿತು!" ಎಂದು ಕೂಗಿದೆ. "ಅದು ನನ್ನ ಉಂಗುರ" ಎಂದ ಅಜ್ಜ ಸಣ್ಣ ದನಿಯಲ್ಲಿ. ಹಾಯಿತು. ಅವ್ವ ಕಣ್ಣಿಯ ಗಂಟನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು.

ಅಜ್ಜ ಚರಿಗೆಯನ್ನು ಹಿಂದಿನ ಎಡಗಾಲಿನ ಹತ್ತಿರ ಇಟ್ಟ. ಅದನ್ನು ಸರಿಸುವ ಮೊದಲೇ ಕಸ್ತೂರಿ ಬೆನ್ನು ಬಗ್ಗಿಸಿ ಒಂದು ಹೂಂಕಾರ ಹಾಕಿತು. ಅಜ್ಜ ಬಾಲದ ಕಡೆ ನೋಡಿದ. ನೋಡಿದವನೇ ಚರಿಗೆ ಅಲ್ಲಿಯೇ ಬಿಟ್ಟು, "ಈಯಾಕ್ಹತ್ತೈತಿ! ಬಲಿ ತರ್ರೋ ಬಲಿ!" ಎಂದು ಹಾರಿದ. ಬಲೆ ಬಂತು. ಅಂದಾನಪ್ಪ ಒಂದು ಮೂಲೆ, ಮಾಸ್ತರರು ಒಂದು ಮೂಲೆ, ಅಜ್ಜ ಒಂದು, ನಾನು ಒಂದು. ಬಾಲದ ಮೇಲೆ ಬಲೆ ಹಿಡಿದು, ನಾಲ್ವರೂ ಕತ್ತು ಎತ್ತಿ ಕಾದೆವು. ಕಸ್ತೂರಿ ಮತ್ತೊಮ್ಮೆ ಮುಕ್ಕಿರಿಯಿತು.

ಧಪ್!

ಬಲೆಗೆ ಏನೂ ಬಡಿಯಲಿಲ್ಲ. ನಾವಿನ್ನೂ ಮೇಲೆಯೇ ನೋಡುತ್ತಿದ್ದೆವು. "ಮ್ಯಾಲ ಏನು ನೋಡ್ತೀರೋ ಹುಚ್ಚಪ್ಪಗೋಳ್ಯಾ, ಕೆಳಗ ನೋಡ್ರಿ!" ಎಂದು ಅವ್ವ ಚೀರಿದಳು.

ಕೆಳಗೆ ನೋಡಿದೆವು. ಒದ್ದೆ ಮುದ್ದೆಯಾದ ಕರಿ ಕರು ನೆಲದ ಮೇಲೆ ಬಿದ್ದು ಕಿವಿ ಒದರುತ್ತಿತ್ತು. ಏಳಲು ಹೋಯಿತು, ಮುಗ್ಗರಿಸಿತು, ಮತ್ತೆ ಧಪ್ ಎಂದು ಕೂತಿತು. ನೆಲ ಬಿಟ್ಟ ಎಮ್ಮೆಯ ಕರು ಬೀಳುವುದನ್ನು ನಾವು ಯಾರೂ ಕಂಡಿರಲಿಲ್ಲ. ಮಾಸ್ತರರು ಬಲೆ ಬಿಟ್ಟು ನೆಲಕ್ಕೆ ಕುಳಿತು ಕರುವಿನ ಬೆನ್ನ ಮೇಲೆ ಮೆಲ್ಲಗೆ ಕೈ ಇಟ್ಟರು, ಒತ್ತಲಿಲ್ಲ. "ತಾನಾಗೇ ಕುಂತೈತಲ್ಲೋ" ಎಂದರು ನನ್ನ ಕಡೆ ನೋಡಿ. ಹೂಂ ಎಂದೆ. ಶಾಲೆ ಬಿಟ್ಟ ಮೇಲೆ ಅವರಿಗೆ ನಾನು ಸಿಟ್ಟಿಲ್ಲದೆ ಆಡಿದ ಮೊದಲ ಮಾತು ಅದು.

ಅಕ್ಕ ಕರುವನ್ನು ಎತ್ತಿ ಅವ್ವನ ಮಡಿಲಿಗೆ ಕೊಟ್ಟಳು. ಕರುವಿನ ಕೆಳಗಿನಿಂದ ಊರ ಚರಿಗೆ ಹೊರಬಂತು. ರೊಟ್ಟಿಯಷ್ಟು ಚಪ್ಪಟೆ.

ಫಕೀರಜ್ಜ ಅದನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಿದ. ಅವನ ಅಪ್ಪ, ಅಪ್ಪನ ಅಪ್ಪ ಹಿಡಿದ ಚರಿಗೆ. "ಇದು ಈಗ ತಾಟಾತು" ಎಂದ ಕೊನೆಗೆ. "ನಾಲ್ಕನೇ ಕಾಲು ನೋಡಲಿಲ್ಲ. ಚರಿಗಿ ಇಲ್ದ ಪರೀಕ್ಷೆ ಇಲ್ಲ. ಪರೀಕ್ಷೆ ಮುಗೀದ ಕಣ್ಣಿ ಬಿಚ್ಚೂದಿಲ್ಲ."

"ಹೊಸ ಚರಿಗಿ ಯಾವಾಗ ಬರತೈತಿ, ಅಜ್ಜಾ?" ಅಂದಾನಪ್ಪ ಕೇಳಿದ.

"ಕಂಚಗಾರ ಬಡೀಬೇಕು. ಬಡದ ಮ್ಯಾಲ ಮೂರು ಕುದಿ ಕುದಿಸಬೇಕು. ಅವಸರದ ಕೆಲಸ ಅಲ್ಲಪಾ ಅದು" ಎಂದು ಫಕೀರಜ್ಜ ಕಸ್ತೂರಿಯ ಗೊರಸಿನ ಕೆಳಗಿನ ಸಂದನ್ನೇ ನೋಡಿದ.

ನಾನು ಹೊಸೆದ ಕಣ್ಣಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅದರ ಹೊಟ್ಟೆಪಟ್ಟಿಗೆ ಇನ್ನು ಕೆಲಸವಿರಲಿಲ್ಲ. ಅವ್ವ ನಗುತ್ತಿದ್ದಳು, ಅಕ್ಕ ನಗುತ್ತಿದ್ದಳು, ಮಡಿಲಿನಿಂದ ಇಳಿದ ಕರು ಅಂಗಳದ ತನಕ ನಾಲ್ಕೂ ಕಾಲಿನ ಗುರುತು ಮೂಡಿಸಿಕೊಂಡು ಹೋಗಿ ಬಂತು. ಸುತ್ತ ನೋಡಿದೆ, ಬೈಯಲು ಒಬ್ಬರೂ ಸಿಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೀದಾ ಕಂಚಗಾರನ ಅಂಗಡಿಗೆ ಹೋದೆ. ಅವನಿನ್ನೂ ಕುಲುಮೆಯನ್ನೇ ಹೊತ್ತಿಸಿರಲಿಲ್ಲ. ಆದರೂ ಬಾಗಿಲಲ್ಲಿ ನಿಂತು ಜಗಳ ತೆಗೆದೆ, ಇಷ್ಟೇಕೆ ಅವಸರ ಮಾಡುತ್ತೀ ಎಂದು.